ನರದ ತುದಿಯ ಸಾರವೆ

ಕೈ ಎತ್ತಬೇಕೆಂದರೆ ಕೈ ಏಳುತ್ತದೆ. ಇದರಲ್ಲಿ ನಮಗೆ ಸೋಜಿಗವೇನೂ ಕಾಣುವುದಿಲ್ಲ. ಆದರೆ ನರವು ಸ್ನಾಯುವನ್ನು ಮುಟ್ಟುವುದೇ ಇಲ್ಲ. ನಡುವೆ ಸಣ್ಣದೊಂದು ಸಂದು ಇದೆ. ನರದ ತುದಿಯಲ್ಲಿ ಪುಟ್ಟ ಪುಟ್ಟ ಚೀಲಗಳಲ್ಲಿ ಅಸಿಟೈಲ್‌ಕೋಲಿನ್ ಎಂಬ ವಸ್ತು ತುಂಬಿರುತ್ತದೆ. ಚೀಲದ ಬಾಯಿ ಬಿಚ್ಚಿ ಅದು ಸಂದಿಗೆ ಬಿದ್ದರೆ ಮಾತ್ರ ಸ್ನಾಯುವಿಗೆ ಅಪ್ಪಣೆ ತಲುಪಿತು. ಇದನ್ನು ಲಂಡನ್ನಿನಲ್ಲಿ ಬಿಡಿಸಿ ತೋರಿಸಿದ ಬರ್ನಾರ್ಡ್ ಕಾಟ್ಸ್ ಅವರಿಗೆ 1970ರ ನೊಬೆಲ್ ಬಹುಮಾನದಲ್ಲಿ ಪಾಲು ಬಂದಿತು.

ಬಾಯಿ ಬಿಚ್ಚಿಸುವುದು ಕ್ಯಾಲ್ಸಿಯಮ್. ಸುಣ್ಣದಲ್ಲಿಯೂ ಎಲುಬಿನಲ್ಲಿಯೂ ಇರುವ ಅದೇ ಧಾತು. ಜೀವಕೋಶದ ಒಳಗಿಗಿಂತ ಹೊರಗೆ ಅದು ಸುಮಾರು 10,000 ಪಟ್ಟು ಹೆಚ್ಚು. ಕೋಶದ ಪೊರೆಯಲ್ಲಿ ಅದು ಬರುವುದಕ್ಕೆಂದೇ ಪ್ರೋಟೀನಿನ ಕಂಡಿಗಳಿವೆ. ವಿದ್ಯುತ್ ಸಂದೇಶ ಬಂದೊಡನೆ ಕಂಡಿ ತೆರೆದು ಕ್ಯಾಲ್ಸಿಯಮ್ ಒಳನುಗ್ಗುತ್ತದೆ. ಆದರೆ ಬಂದದ್ದು ಕ್ಷಣದಲ್ಲಿ ಚದುರಿಹೋಗುತ್ತದೆ. ಆದುದರಿಂದ ಕಂಡಿಯು ಚೀಲದ ಮಗ್ಗುಲಲ್ಲೇ ಇರಬೇಕು, ಕೆಲವು ಹತ್ತು ನ್ಯಾನೊಮೀಟರುಗಳೊಳಗೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೊಮೀಟರು.

ಕಂಡಿಯನ್ನು ಅಲ್ಲಿ ಹಿಡಿದಿಡುವವು ಸಾರವೆ ಪ್ರೋಟೀನುಗಳು. ಹೆಸರು ಪೂರ್ತಿ ಒಪ್ಪುವುದಿಲ್ಲವೆನ್ನಿ. ಕಟ್ಟಡ ಮುಗಿದರೆ ಬಿದಿರಿನ ಸಾರವೆಯನ್ನು ಬಿಚ್ಚುತ್ತಾರೆ, ಇದು ಬಿಚ್ಚುವಂಥದಲ್ಲ. ಇವುಗಳಲ್ಲಿ ಮುಖ್ಯವಾದ ರಿಮ್ ಎಂಬುದರ ಒಂದು ಭಾಗ ಕಂಡಿಯ ಬಾಲವನ್ನು ಹಿಡಿದಿದೆ, ಇನ್ನೊಂದು ಭಾಗ ಚೀಲದ ಮೇಲಿನ ಪ್ರೋಟೀನನ್ನು. ಇಲಿಗಳ ನರಕೋಶಗಳಲ್ಲಿ ರಿಮ್ ಇಲ್ಲದಂತೆ ಮಾಡಿದ ಪ್ರಯೋಗಗಳು 2011ರಲ್ಲಿ ಪ್ರಕಟವಾದವು: ನರದ ತುದಿಯಲ್ಲಿ ಕಂಡಿಗಳು ಕಡಿಮೆಯಾದವು, ಚೀಲಗಳು ಬಿಚ್ಚುವುದು ಕುಗ್ಗಿತು, ತಡವೂ ಆಯಿತು. ಹಿಡಿದಿಡುವುದಷ್ಟೇ ಅಲ್ಲ, ತೆರೆದ ಕಂಡಿ ಬೇಗ ನಿಷ್ಕ್ರಿಯವಾಗದಂತೆಯೂ ರಿಮ್ ನೋಡಿಕೊಳ್ಳುತ್ತದೆ.

ಕಂಡಿಗಳ ಸಾಲು ಕೆಟ್ಟರೆ ಮನುಷ್ಯನಿಗೆ ಏನಾಗುತ್ತದೆಂಬುದನ್ನು ಲ್ಯಾಂಬರ್ಟ್-ಈಟನ್ ಎಂಬ ವಿರಳ ರೋಗದಲ್ಲಿ ಕಾಣಬಹುದು. ಇಲ್ಲಿ ಮೊದಲು ಕೆಡುವುದು ಸಾರವೆಯಲ್ಲ. ದೇಹದ ರಕ್ಷಣೆಗೆಂದು ಇರುವ ಪ್ರತಿಕಾಯಗಳೇ ಕಂಡಿಗಳ ಮೇಲೆ ಬೀಳುತ್ತವೆ. 1982ರಲ್ಲಿ ಇಂಥ ರೋಗಿಗಳ ನರದ ತುದಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಸಾಲಾಗಿ ನಿಂತಿರಬೇಕಾದ ಕಣಗಳು ಕಡಿಮೆಯಾಗಿ ಅಡ್ಡಾದಿಡ್ಡಿಯಾಗಿ ಕಂಡವು. ರೋಗಿಯ ತೊಡೆಯಲ್ಲಿ ಬಲವಿರುವುದಿಲ್ಲ. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು ಕಷ್ಟ. ವಿಚಿತ್ರವೆಂದರೆ, ಕೆಲವು ಕ್ಷಣ ಬಿಗಿಯಾಗಿ ಯತ್ನಿಸಿದರೆ ಬಲ ಬಂದಂತಾಗುತ್ತದೆ, ಮೇಲಿಂದ ಮೇಲೆ ಬಂದ ಕ್ಯಾಲ್ಸಿಯಮ್ ಒಳಗೆ ಕೂಡಿಕೊಳ್ಳುವುದರಿಂದ. ಬಳಿಕ ಮತ್ತೆ ಸೋಲು.

ದಿನವಿಡೀ ದುಡಿದವರು ಇದನ್ನು ಬರಿಯ ದಣಿವೆಂದು ತಳ್ಳಿಬಿಡುವುದು ಸುಲಭ. ಆದರೆ ಈ ರೋಗಿಗಳಲ್ಲಿ ಸುಮಾರು ಅರ್ಧ ಮಂದಿಗೆ ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್ ಇರುತ್ತದೆ. ಅವರಲ್ಲಿ ಬಹುಮಂದಿ ಧೂಮಪಾನಿಗಳು. ಕಾಲಿನ ಸೋಲು ಅನೇಕ ವೇಳೆ ಗಡ್ಡೆ ಪತ್ತೆಯಾಗುವುದಕ್ಕಿಂತ ಮೊದಲೇ ಬರುತ್ತದೆ. ಆದುದರಿಂದಲೇ ಈ ರೋಗ ಗೊತ್ತಾದಾಗ ವೈದ್ಯರು ಎದೆಯನ್ನೂ ಪರೀಕ್ಷೆ ಮಾಡಿಸುತ್ತಾರೆ.