ಘೋಷಣೆಯಿಲ್ಲದ ಯುದ್ಧವೂ ವಿಮೆಯ ಕರಾರೂ

‘ಹೈಬ್ರಿಡ್’ ಎಂಬ ವಿಶೇಷಣದಿಂದ ಈಗ ಪ್ರಸಿದ್ಧವಾಗಿರುವ ಮಿಶ್ರಯುದ್ಧವು ತೀರ ಹೊಸದೆಂದು ಭಾವಿಸುವವರು ಕೌಟಿಲ್ಯನ ಅರ್ಥಶಾಸ್ತ್ರದ ಏಳನೆಯ ಅಧಿಕರಣವನ್ನೊಮ್ಮೆ ನೋಡಬೇಕು. ಪ್ರಕಾಶಯುದ್ಧ, ಕೂಟಯುದ್ಧ, ತೂಷ್ಣೀಂಯುದ್ಧ ಎಂದು ಆತನು ಮೂರು ಬಗೆಗಳನ್ನು ಹೇಳಿದ್ದಾನೆ. (ಗ್ರಂಥವನ್ನು 1909ರಲ್ಲಿ ಮೈಸೂರಿನಲ್ಲಿ ಬೆಳಕಿಗೆ ತಂದವರು ನಮ್ಮ ಶಾಮಶಾಸ್ತ್ರಿಗಳು.) ತೂಷ್ಣೀಂ ಎಂದರೆ ಸದ್ದಿಲ್ಲದುದು. ಹೊಸತಾದುದು ಅದು ಬರುವ ದಾರಿ.

2017ನೆಯ ಜೂನ್ 27ರಂದು ಅದು ಉಕ್ರೇನಿಗೆ ಲೆಕ್ಕಪತ್ರಗಳ ದಾರಿಯಿಂದ ಬಂದಿತು. ಅಲ್ಲಿಯ ವರ್ತಕರು ತೆರಿಗೆಯ ಲೆಕ್ಕಕ್ಕೆ ಬಳಸುತ್ತಿದ್ದ ‘ಎಂ.ಇ.ಡಾಕ್’ ಎಂಬ ತಂತ್ರಾಂಶದ ಪರಿಷ್ಕರಣದೊಳಗೆ ‘ನಾಟ್‌ಪೆಟ್ಯ’ ಎಂಬ ಹಾನಿಕಾರಕ ತಂತ್ರಾಂಶವನ್ನು ಅಡಗಿಸಲಾಗಿತ್ತು. ಗಣಕಯಂತ್ರಗಳ ತೆರೆಯ ಮೇಲೆ 300 ಡಾಲರುಗಳ ಬೇಡಿಕೆ ಮೂಡಿತು. ತೆತ್ತರೂ ಕಡತಗಳು ಮರಳುವಂತಿರಲಿಲ್ಲ. ಸುಲಿಗೆಯೆಂಬುದು ವೇಷಮಾತ್ರ. ಬ್ಯಾಂಕುಗಳು ಸ್ತಬ್ಧವಾದುವು, ಚೆರ್ನೋಬಿಲಿನಲ್ಲಿ ವಿಕಿರಣವನ್ನು ಕೈಯಿಂದಲೇ ಅಳೆಯಬೇಕಾಯಿತು. ಉಪದ್ರವವು ಗಡಿಯಲ್ಲಿ ನಿಲ್ಲಲಿಲ್ಲ. ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಸಂಸ್ಥೆಗೆ ತಗಲಿದ ಪೆಟ್ಟು, ಮುಂಬಯಿಗೆ ಎದುರಾಗಿರುವ ಜವಾಹರಲಾಲ್ ನೆಹರು ಬಂದರಿನಲ್ಲಿ ಅದರ ಬಳಗವು ನಡೆಸುತ್ತಿದ್ದ ಸರಕುಕಟ್ಟೆಯನ್ನೂ ತಟ್ಟಿತು.

ಇನ್ನು ಪ್ರತಿಕ್ರಿಯೆ. 2018ರ ಫೆಬ್ರವರಿಯಲ್ಲಿ ಬ್ರಿಟನ್, ಅಮೆರಿಕಗಳು ರಷ್ಯದ ಸೇನೆಯೇ ಇದಕ್ಕೆ ಹೊಣೆಯೆಂದು ಸಾರಿದುವು, ರಷ್ಯ ಅಲ್ಲಗಳೆಯಿತು. 2020ರಲ್ಲಿ ಐರೋಪ್ಯ ಒಕ್ಕೂಟವು ನಿರ್ಬಂಧಗಳನ್ನು ಹೇರಿತು. ಅಮೆರಿಕವು ಆರು ಮಂದಿ ರಷ್ಯನ್ ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. ಮಿಶ್ರದಾಳಿಗೂ ಐದನೆಯ ವಿಧಿಯನ್ನು ಅನ್ವಯಿಸಬಹುದೆಂದು 2016ರಲ್ಲಿಯೇ ವಾರ್ಸಾದಲ್ಲಿ ಘೋಷಿಸಿದ್ದ ನ್ಯಾಟೋ ಆ ವಿಧಿಯನ್ನು ಅನ್ವಯಿಸಲಿಲ್ಲ. ಇದು ಯುದ್ಧವೋ ಅಲ್ಲವೋ ಎಂಬುದನ್ನು ಅಸ್ಪಷ್ಟವಾಗಿಯೇ ಉಳಿಸುವುದು ರಾಜನೀತಿಗೆ ಅನುಕೂಲ. ನಷ್ಟ ಹೊಂದಿದವನಿಗೆ ಆ ಅನುಕೂಲವಿಲ್ಲ.

ಅಮೆರಿಕದ ಔಷಧಸಂಸ್ಥೆ ಮರ್ಕ್ ಸುಮಾರು 140 ಕೋಟಿ ಡಾಲರುಗಳ ನಷ್ಟವನ್ನು ತೋರಿಸಿ ವಿಮೆಯ ಹಣ ಕೇಳಿತು. ಯುದ್ಧಸದೃಶ ಕೃತ್ಯಗಳಿಗೆ ಪರಿಹಾರವಿಲ್ಲವೆಂಬ ಕರಾರನ್ನು ವಿಮಾದಾರರು ಮುಂದೊಡ್ಡಿದರು. ಸರ್ಕಾರಗಳು ಜಾಣತನದಿಂದ ತಪ್ಪಿಸಿಕೊಂಡ ಪ್ರಶ್ನೆ ಹೀಗೆ ನ್ಯೂಜೆರ್ಸಿಯ ನ್ಯಾಯಾಲಯದ ಮೆಟ್ಟಿಲೇರಿತು! ಆ ಮಾತುಗಳ ಸಹಜಾರ್ಥದಲ್ಲಿ ಸೈನಿಕ ಕ್ರಿಯೆಯೊಂದು ಇರಲೇಬೇಕು, ಲೆಕ್ಕದ ತಂತ್ರಾಂಶದ ಮೂಲಕ ಹಬ್ಬಿದ ಹಾನಿ ಅಂಥದಲ್ಲ ಎಂದು 2023ರಲ್ಲಿ ಮೇಲ್ಮನವಿಯ ನ್ಯಾಯಪೀಠವೂ ಎತ್ತಿಹಿಡಿಯಿತು. 2024ರ ಜನವರಿಯಲ್ಲಿ ಉಭಯರೂ ರಾಜಿಯಾದರು.

ಅಷ್ಟರೊಳಗೆ ಲಂಡನ್ನಿನ ಲಾಯ್ಡ್ಸ್ ಪೇಟೆ ಎಚ್ಚೆತ್ತಿತ್ತು. 2023ರ ಮಾರ್ಚ್ 31ರಿಂದ ಅಲ್ಲಿಯ ಪ್ರತ್ಯೇಕ ಸೈಬರ್ ವಿಮಾಪತ್ರಗಳು ರಾಷ್ಟ್ರಪ್ರೇರಿತ ದಾಳಿಗಳ ಬಗ್ಗೆ ಸ್ಪಷ್ಟ ವಿನಾಯಿತಿಯನ್ನು ಒಳಗೊಳ್ಳಬೇಕಾಯಿತು. ದಾಳಿಯ ಹಿಂದೆ ಯಾವ ರಾಷ್ಟ್ರವಿದೆಯೆಂದು ನಿರ್ಣಯಿಸುವ ಕ್ರಮವನ್ನೂ ಕರಾರಿನಲ್ಲಿಯೇ ಬರೆಯಬೇಕೆಂದು ವಿಧಿಸಲಾಯಿತು.