ತುಂಬಿದ ಚೀಲಕ್ಕೆ ಬರಿದೆಂಬ ಹೆಸರು

ಬಾಚಣಿಗೆ, ಬಸ್ ಪಾಸು, ತಲೆನೋವಿನ ಮಾತ್ರೆ, ಹಳೇ ರಸೀದಿಗಳನ್ನೆಲ್ಲ ತುರುಕಿ, ಜಿಪ್ಪು ಎಳೆಯಲು ಪರದಾಡಬೇಕಾದ ಚೀಲಕ್ಕೆ ನಾವು ವ್ಯಾನಿಟಿ ಬ್ಯಾಗ್ ಎನ್ನುತ್ತೇವೆ. ಆ ‘ವ್ಯಾನಿಟಿ’ಯ ಬೇರು ಲ್ಯಾಟಿನ್ನಿನ ‘ವಾನುಸ್’. ಅರ್ಥ, ಬರಿದು.

ಬರಿದು ಎಂಬುದು ಒಣಜಂಭವಾಗಿ, ಕೊನೆಗೆ ಹೆಗಲಿಗೇರಿದ ದಾರಿ ದೊಡ್ಡದು. ಹೀಬ್ರೂ ಬೈಬಲ್ಲಿನ ‘ಪ್ರಸಂಗಿ’ಯಲ್ಲಿ ‘ಹೆವೆಲ್’ ಎಂಬ ಪದ 30ಕ್ಕೂ ಹೆಚ್ಚು ಸಲ ಬರುತ್ತದೆ. ಉಸಿರು, ಆವಿ ಎಂದು ಅದರರ್ಥ, ಕಾಣುವಷ್ಟರಲ್ಲೇ ಕರಗುವಂಥದ್ದು. 4ನೇ ಶತಮಾನದ ಕೊನೆಗೆ ಅದನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ ‘ವಾನಿತಾಸ್’ ಎಂದರು. ಕನ್ನಡ ಬೈಬಲ್ಲು ‘ವ್ಯರ್ಥ’ ಎಂದಿತು. ಇಂಗ್ಲಿಷಿನಲ್ಲೂ ವ್ಯಾನಿಟಿ ಎಂದರೆ ಮೊದಲು ಹುರುಳಿಲ್ಲದ್ದು ಎಂದೇ ಇತ್ತು. ತನ್ನ ಚೆಲುವಿಗೆ ತಾನೇ ಮರುಳಾಗುವ ಅರ್ಥ ಆಮೇಲೆ ಅಂಟಿತು. ಅದರ ಬೆನ್ನಿಗೇ ಕನ್ನಡಿ, ಪೌಡರು, ಅವನ್ನಿಡುವ ಚೀಲ, ಈಗ ಸಿನಿಮಾದವರ ವ್ಯಾನಿಟಿ ವ್ಯಾನ್.

17ನೇ ಶತಮಾನದಲ್ಲಿ ಡಚ್ ಕಲಾವಿದರು ‘ವಾನಿತಾಸ್’ ಹೆಸರಿನ ಚಿತ್ರಪ್ರಕಾರವನ್ನೇ ಬೆಳೆಸಿದರು. ಜಾಕ್ ದೆ ಗೇನ್ 1603ರಲ್ಲಿ ಬರೆದದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಕಲ್ಲಿನ ಗೂಡಿನಲ್ಲೊಂದು ತಲೆಬುರುಡೆ, ಅದರ ಮೇಲೆ ತೇಲುವ ದೊಡ್ಡ ಗುಳ್ಳೆ, ಕೆಳಗೆ ನಾಣ್ಯಗಳು. ಮೇಲಿನ ಮೂಲೆಗಳಲ್ಲಿ ಇಬ್ಬರು ಗ್ರೀಕ್ ದಾರ್ಶನಿಕರು: ನಗುವವನು ಡೆಮಾಕ್ರಿಟಸ್, ಅಳುವವನು ಹೆರಾಕ್ಲಿಟಸ್. ಇಬ್ಬರ ನಡುವಿನ ಆ ಗುಳ್ಳೆ ಉಬ್ಬಿದಷ್ಟೂ ಟೊಳ್ಳು.

ಉಬ್ಬಿಗೂ ಬರಿದಿಗೂ ಇರುವ ಈ ನಂಟು ನಮ್ಮ ನುಡಿಗಳಲ್ಲೂ ಇದೆ. ‘ಶೂನ್ಯ’ವನ್ನು ಊದಿಕೊಳ್ಳು ಎಂಬರ್ಥದ ‘ಶ್ವಿ’ ಧಾತುವಿಗೆ ಪಂಡಿತರು ಜೋಡಿಸುತ್ತಾರೆ. ಅದು ಕನ್ನಡದಲ್ಲಿ ಸೊನ್ನೆಯಾಯಿತು. ಅರಬ್ಬರು ಅದನ್ನು ಬರಿದು ಎಂಬರ್ಥದ ‘ಸಿಫ್ರ್’ ಎಂದರು, ಗಣಿತಜ್ಞ ಫಿಬೊನಾಚಿ 1202ರಲ್ಲಿ ‘ಜೆಫಿರಮ್’ ಎಂದು ಬರೆದ, ಇಟಲಿಯವರ ಬಾಯಲ್ಲಿ ಸವೆದು ‘ಜೀರೊ’ ಆಯಿತು. ಇನ್ನು ಅಚ್ಚಗನ್ನಡದ ‘ಬೀಗು’ ಊತಕ್ಕೂ ಸಲ್ಲುತ್ತದೆ, ಜಂಭಕ್ಕೂ ಸಲ್ಲುತ್ತದೆ.

ಲ್ಯಾಟಿನ್ನಿನ ಬರಿದು ಬೈಗುಳವಾಗಿಯೇ ಉಳಿಯಿತು. ಶರಣರ ಪರಂಪರೆಯಲ್ಲಿ ಅದಕ್ಕೆ ಸಿಕ್ಕಿದ ಮರ್ಯಾದೆಯೇ ಬೇರೆ: ಕಲ್ಯಾಣದಲ್ಲಿ ಅಲ್ಲಮಪ್ರಭು ಏರಿದ ಪೀಠ ಶೂನ್ಯಸಿಂಹಾಸನ. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ವಚನಗಳನ್ನು ಸಂವಾದವಾಗಿ ಹೆಣೆದ ಗ್ರಂಥ ‘ಶೂನ್ಯಸಂಪಾದನೆ’. ಏನೂ ಇಲ್ಲದ್ದನ್ನು ಸಂಪಾದಿಸುವುದೆಂದರೆ ಲೋಕದ ಲೆಕ್ಕಕ್ಕೆ ತಮಾಷೆ. ‘ನಾನು’ ಎಂದು ಬೀಗುವುದನ್ನು ಬಿಟ್ಟವರಿಗಷ್ಟೇ ದಕ್ಕುವ ಗಳಿಕೆ ಅದು.