ಅಜ್ಜಿ ಲಟ್ಟಿಸಲಿ, ಮೊಮ್ಮಕ್ಕಳು ಮಡಿಸಲಿ: ಚೀನಾದ ಕಡುಬು ಜ್ಯಾವ್‌ಜ

ಹಬ್ಬಕ್ಕೆ ಕರ್ಜಿಕಾಯಿ ಮಾಡುವ ದಿನ ಮನೆಯಲ್ಲಿ ಯಾರೂ ಸುಮ್ಮನೆ ಕೂರುವ ಹಾಗಿಲ್ಲ, ಅಲ್ಲವೇ ಮಕ್ಕಳೇ? ಒಬ್ಬರು ಕಣಕ ನಾದಬೇಕು, ಒಬ್ಬರು ಲಟ್ಟಿಸಬೇಕು, ಒಬ್ಬರು ಹೂರಣ ತುಂಬಿ ಅಂಚು ಮಡಿಸಬೇಕು. ಉತ್ತರ ಚೀನಾದ ಮನೆಗಳಲ್ಲಿ ಇಂಥದೇ ಗಡಿಬಿಡಿ ಅವರ ಹೊಸವರ್ಷದ ಹಿಂದಿನ ರಾತ್ರಿ. ನಮ್ಮ ಯುಗಾದಿಯಂತೆ ಅವರ ಹೊಸವರ್ಷವೂ ಚಂದ್ರನ ಲೆಕ್ಕದ್ದೇ. ಜನವರಿಯ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. ಆ ರಾತ್ರಿ ಮಾಡುವ ತಿನಿಸಿಗೆ ಜ್ಯಾವ್‌ಜ ಎಂದು ಹೆಸರು. ಗೋಧಿ ಹಿಟ್ಟಿನ ತೆಳು ಹಾಳೆಯೊಳಗೆ ತರಕಾರಿಯನ್ನೋ ಮಾಂಸವನ್ನೋ ಇಟ್ಟು, ಅರ್ಧಚಂದ್ರದಂತೆ ಮಡಿಸಿ, ಕುದಿಯುವ ನೀರಿನಲ್ಲಿ ಬೇಯಿಸಿದ ಕಡುಬು. ನಮ್ಮ ಬೀದಿಗಳಲ್ಲಿ ಸಂಜೆ ಹೊತ್ತು ಮಾರುವ ಮೋಮೋ ಟಿಬೆಟ್, ನೇಪಾಳದ ಕಡೆಯದು. ಇದಕ್ಕೆ ಹತ್ತಿರದ ನೆಂಟ.

ಹೆಸರಿನಲ್ಲಿಯೇ ಒಂದು ಚಮತ್ಕಾರವಿದೆ. ರಾತ್ರಿ 11ರಿಂದ 1 ಗಂಟೆಯವರೆಗಿನ ಹೊತ್ತಿಗೆ ಚೀನಾದ ಹಳೆಯ ಕಾಲಗಣನೆಯಲ್ಲಿ ‘ಜ’ ಎಂದು ಹೆಸರು. ‘ಜ್ಯಾವ್’ ಎಂದರೆ ಕೂಡುವುದು. ಹಳೆಯ ವರ್ಷವೂ ಹೊಸದೂ ಕೂಡುವ ಆ ಹೊತ್ತಿಗೂ ಈ ಕಡುಬಿಗೂ ಉಚ್ಚಾರ ಹೆಚ್ಚುಕಡಿಮೆ ಒಂದೇ. ಆಕಾರವೋ, ಹಿಂದೆ ಅಲ್ಲಿ ಹಣವಾಗಿ ಚಲಾವಣೆಯಲ್ಲಿದ್ದ ಬೆಳ್ಳಿಯ ಗಟ್ಟಿಯಂತೆ. ಒಂದು ಕಡುಬಿನೊಳಗೆ ನಾಣ್ಯ ಅಡಗಿಸಿಡುವ ರೂಢಿಯೂ ಉಂಟು. ಅದು ಯಾರ ಬಾಯಿಗೆ ಸಿಕ್ಕಿತೋ ಅವರಿಗೆ ಆ ವರ್ಷ ಅದೃಷ್ಟ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡ್ಡು ಎಣಿಸಿದವನು ನಾನು. ನಾಣ್ಯ ಎಷ್ಟು ಕೈ ದಾಟಿ ಬಂದಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ನಮ್ಮ ಮನೆಯಲ್ಲಿ ಅಡಗಿಸುವುದು ಹುರಿದ ಕಡಲೆಕಾಯಿ ಬೀಜ. ಚೀನಾದಲ್ಲಿಯೂ ಈಗ ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಾರೆ.

ಈ ಕಡುಬು ಎಷ್ಟು ಹಳೆಯದು? ಪಶ್ಚಿಮ ಚೀನಾದ ತುರ್ಫಾನ್ ಎಂಬಲ್ಲಿ ಮಳೆ ಬೀಳುವುದೇ ಅಪರೂಪ. ಅಲ್ಲಿನ ಅಸ್ತಾನಾ ಸಮಾಧಿಗಳಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಹಳೆಯ, ಟಾಂಗ್ ಅರಸರ ಕಾಲದ ಕಡುಬುಗಳು ಒಣಗಿ ಕಲ್ಲಿನಂತಾಗಿ, ಆಕಾರ ಮಾತ್ರ ಕೆಡದೆ ಸಿಕ್ಕಿವೆ. ಇದನ್ನು ಕಂಡುಹಿಡಿದವನು ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯ ಎಂದು ಜನ ಕಥೆ ಹೇಳುತ್ತಾರೆ. ಸುಮಾರು 1,800 ವರ್ಷಗಳ ಹಿಂದೆ ಬದುಕಿದ್ದವನು. ಚಳಿಗೆ ಬಡವರ ಕಿವಿಗಳು ಹುಣ್ಣಾಗಿದ್ದನ್ನು ನೋಡಿ, ಕುರಿಮಾಂಸವನ್ನೂ ಮೈ ಬೆಚ್ಚಗಿಡುವ ಮೂಲಿಕೆಗಳನ್ನೂ ಹಿಟ್ಟಿನಲ್ಲಿ ಸುತ್ತಿ, ಕಿವಿಯ ಆಕಾರದಲ್ಲಿ ಮಡಿಸಿ, ಬೇಯಿಸಿ ಹಂಚಿದನಂತೆ. ಕೆಲವರು ಈ ಕಥೆಯಲ್ಲಿ ಮೆಣಸಿನಕಾಯಿಯನ್ನೂ ಸೇರಿಸುತ್ತಾರೆ. ಮೆಣಸಿನಕಾಯಿ ಅಮೆರಿಕ ಖಂಡವನ್ನು ಬಿಟ್ಟು ಹೊರಟದ್ದೇ 1492ರ ನಂತರ, ಲೆಕ್ಕ ತಾಳೆಯಾಗುವುದಿಲ್ಲ! ಕಥೆ ಮಾತ್ರ ಇನ್ನೂ ಜೀವಂತ. ಡಿಸೆಂಬರ್ ತಿಂಗಳ ಅತಿ ದೀರ್ಘ ರಾತ್ರಿಯ ದಿನ ‘ಜ್ಯಾವ್‌ಜ ತಿನ್ನದಿದ್ದರೆ ಕಿವಿ ಉದುರಿಹೋಗುತ್ತದೆ’ ಎಂದು ಅಲ್ಲಿನ ಅಜ್ಜಿಯರು ಮಕ್ಕಳನ್ನು ಹೆದರಿಸುತ್ತಾರೆ.

ನನ್ನ ಮಗ ಕೆಲಸದ ಮೇಲೆ ತಿಯಾಂಜಿನ್ ನಗರದಲ್ಲಿದ್ದಾಗ ನಾನೂ ನನ್ನಾಕೆಯೂ ಒಂದು ಚಳಿಗಾಲ ಅಲ್ಲಿದ್ದೆವು. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ. ಅಲ್ಲಿನ ಮಕ್ಕಳು ತಂದೆಯ ತಾಯಿಯನ್ನು ‘ನಾಯ್‌ನಾಯ್’ ಎನ್ನುತ್ತಾರೆ. ನಾವೂ ಹಾಗೇ ಕರೆದೆವು. ಆಕೆಯ ಮಗ ದೂರದ ದಕ್ಷಿಣದ ಊರಿನಲ್ಲಿ ಕೆಲಸಕ್ಕಿದ್ದ, ಹೆಂಡತಿ ಮಕ್ಕಳೊಂದಿಗೆ ಬರುತ್ತಿದ್ದುದು ಹೊಸವರ್ಷಕ್ಕೆ ಮಾತ್ರ. ಉಳಿದ ದಿನಗಳಲ್ಲಿ ಜ್ಯಾವ್‌ಜ ಮಾಡಿಕೊಳ್ಳುತ್ತೀರಾ ಎಂದು ಮಗನ ಮೂಲಕ ಕೇಳಿಸಿದೆ. “ಒಬ್ಬಳಿಗೆ ಯಾರು ಮಾಡುತ್ತಾರೆ? ನೂಡಲ್ಸ್ ಬೇಯಿಸಿಕೊಳ್ಳುತ್ತೇನೆ” ಎಂದರು.

ಆ ಮಾತು ನಿಜವೆಂಬುದು ಮಾಡಲು ಕುಳಿತಾಗ ಗೊತ್ತಾಗುತ್ತದೆ. ನಲವತ್ತು ಕಡುಬಿಗೆ 300 ಗ್ರಾಂ ಮೈದಾ, ಚಿಟಿಕೆ ಉಪ್ಪು, ಸುಮಾರು 150 ಮಿಲಿಲೀಟರ್ ತಣ್ಣೀರು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಎಣ್ಣೆ ಬೇಡ. ಹೂರಣಕ್ಕೆ ಅರ್ಧ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಉಪ್ಪು ಬೆರೆಸಿ ಕಾಲು ಗಂಟೆ ಇಟ್ಟು ಚೆನ್ನಾಗಿ ಹಿಂಡಿ. ಈ ಹಿಂಡುವುದರಲ್ಲಿಯೇ ಅರ್ಧ ಗುಟ್ಟು ಇರುವುದು. ನೀರು ಉಳಿದರೆ ಹಾಳೆ ನೆಂದು ಹರಿಯುತ್ತದೆ. ಹಿಂಡಿದ ನೀರನ್ನು ಚೆಲ್ಲದೆ ಸಾರಿಗೆ ಹಾಕಿ, ಸಾರಿನ ಉಪ್ಪು ಕಡಿಮೆ ಮಾಡಿ. ಕೋಸಿಗೆ ತುರಿದ ಕ್ಯಾರೆಟ್, ಪುಡಿ ಮಾಡಿದ 150 ಗ್ರಾಂ ತೋಫು ಅಥವಾ ಪನೀರು, ಈರುಳ್ಳಿ ಸೊಪ್ಪು, ಶುಂಠಿ, ಕಾಳುಮೆಣಸಿನ ಪುಡಿ, ಒಂದು ಚಮಚ ಸೋಯಾ ಸಾಸ್ ಸೇರಿಸಿ. ಸೋಯಾ ಸಾಸ್ ಬಹಳ ಉಪ್ಪು. ರಕ್ತದೊತ್ತಡದ ಮಾತ್ರೆ ನುಂಗುವ ನಮ್ಮಂಥವರು ಅರ್ಧ ಚಮಚಕ್ಕೇ ನಿಲ್ಲಿಸುವುದು ಒಳ್ಳೆಯದು. ಚೀನಾದವರ ಎಳ್ಳೆಣ್ಣೆ ಹುರಿದ ಎಳ್ಳಿನದು, ಘಮ ಹೆಚ್ಚು. ನಮ್ಮ ಎಳ್ಳೆಣ್ಣೆ ಒಂದು ಚಮಚ ಹಾಕಿ, ಜೊತೆಗೆ ಸ್ವಲ್ಪ ಎಳ್ಳು ಹುರಿದು ಕುಟ್ಟಿ ಹಾಕಿದರೆ ಹತ್ತಿರ ಬರುತ್ತದೆ.

ಇನ್ನು ಎಲ್ಲರೂ ಮಣೆಯ ಸುತ್ತ ಕೂರಬೇಕು. ಚಿಕ್ಕ ಮಕ್ಕಳು ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಕಟ್ಟಿ ಅಂಗೈಯಿಂದ ಒತ್ತಿ ಕೊಡಲಿ. ಲಟ್ಟಿಸುವ ಕೆಲಸ ಅಜ್ಜಿಯದು. ಎಡಗೈ ಬಿಲ್ಲೆಯನ್ನು ತಿರುಗಿಸುತ್ತಿರಬೇಕು. ಲಟ್ಟಣಿಗೆ ಅಂಚಿನಿಂದ ನಡುವಿನವರೆಗೆ ಹೋಗಿ ಹಿಂದೆ ಬರಬೇಕು, ನಡುವನ್ನು ದಾಟಬಾರದು. ಆಗ ಹೂರಣ ಕೂರುವ ನಡುಭಾಗ ದಪ್ಪ, ಮಡಿಸಿದಾಗ ಎರಡು ಪದರವಾಗುವ ಅಂಚು ತೆಳು. ಸಣ್ಣ ಪೂರಿಯಷ್ಟು ಅಗಲ ಸಾಕು. ನಡುವೆ ಒಂದು ಚಮಚ ಹೂರಣ ಇಟ್ಟು, ಮಡಿಸಿ, ಸೀರೆಗೆ ನಿರಿಗೆ ಹಿಡಿದಂತೆ ಒಂದು ಬದಿಯ ಅಂಚಿಗೆ ನಾಲ್ಕೈದು ನಿರಿಗೆ ಹಾಕಿ ಒತ್ತಬೇಕು. ನಿರಿಗೆ ಬಾರದ ಮಕ್ಕಳು ಬರೀ ಒತ್ತಿದರೂ ಆಯಿತು. ಮಾಡಿದ್ದನ್ನೆಲ್ಲ ಒಟ್ಟಿಗೇ ಬೇಯಿಸಿದರೂ ತಟ್ಟೆಗೆ ಬಂದಾಗ ‘ಇದು ನಂದು, ಅದು ತಾತಂದು’ ಎಂದು ನನ್ನ ಮೊಮ್ಮಗಳು ಗುರುತು ಹಿಡಿಯುತ್ತಾಳೆ. ನನ್ನವು ಕೂರುವುದಿಲ್ಲ, ಮಲಗುತ್ತವೆ.

ಬೇಯಿಸುವುದು ದೊಡ್ಡವರ ಕೆಲಸ, ಮಕ್ಕಳು ಒಲೆಯಿಂದ ದೂರವಿರಿ. ದೊಡ್ಡ ಪಾತ್ರೆಯಲ್ಲಿ ನೀರು ಚೆನ್ನಾಗಿ ಕುದಿಯುವಾಗ ಹದಿನೈದು ಇಪ್ಪತ್ತು ಬಿಟ್ಟು, ತಳ ಹಿಡಿಯದಂತೆ ಸೌಟಿನ ಬೆನ್ನಿನಿಂದ ಮೆಲ್ಲಗೆ ತಳ್ಳಬೇಕು. ಕುದಿ ಬಂದಾಗ ಒಂದು ಲೋಟ ತಣ್ಣೀರು ಹಾಕಿ. ಮತ್ತೆ ಕುದಿ, ಮತ್ತೆ ಒಂದು ಲೋಟ. ಮಾಂಸದ ಹೂರಣಕ್ಕೆ ಹೀಗೆ ಮೂರು ಸಲ, ತರಕಾರಿಗೆ ಎರಡು ಸಲ ಸಾಕು. ಒಂದೇ ಸಮನೆ ಕೊತಕೊತ ಕುದಿಸಿದರೆ ಒಳಗು ಬೇಯುವ ಮೊದಲೇ ಹಾಳೆ ಹರಿಯುತ್ತದೆ. ತಣ್ಣೀರು ಆ ರಭಸ ತಗ್ಗಿಸುತ್ತದೆ. ಉಬ್ಬಿ ತೇಲಿದವನ್ನು ತೂತಿನ ಸೌಟಿನಿಂದ ತೆಗೆಯಿರಿ. ಹಾಳೆ ಮೆತ್ತಗಿರುವುದರಿಂದ ಹಲ್ಲು ಕಡಿಮೆಯಿರುವವರೂ ಧೈರ್ಯವಾಗಿ ತಿನ್ನಬಹುದು. ಬೆಂದ ನೀರನ್ನೂ ಅಲ್ಲಿ ಬಟ್ಟಲಿಗೆ ಹಾಕಿ ಕುಡಿಯುತ್ತಾರೆ, ನಾವು ಅನ್ನ ಬಸಿದ ಗಂಜಿ ಕುಡಿದಂತೆ.

ನಂಚಿಕೊಳ್ಳಲು ವಿನಿಗರ್. ಚೀನಾದ ಹನ್ನೆರಡನೆಯ ತಿಂಗಳ ಎಂಟನೆಯ ದಿನ ಸುಲಿದ ಬೆಳ್ಳುಳ್ಳಿಯನ್ನು ವಿನಿಗರಿನಲ್ಲಿ ಮುಳುಗಿಸಿ ಚಳಿಯಲ್ಲಿಡುತ್ತಾರೆ. ಹೊಸವರ್ಷದ ಹೊತ್ತಿಗೆ ಅದು ಪಚ್ಚೆ ಕಲ್ಲಿನಂತೆ ಹಸಿರಾಗಿರುತ್ತದೆ! ಬಣ್ಣ ಹಾಕಿದ್ದಲ್ಲ. ನಾಯ್‌ನಾಯ್ ಶೀಶೆ ತಂದು ತೋರಿಸಿದಾಗ ನನ್ನಾಕೆ ನಂಬಲೇ ಇಲ್ಲ.

ಹೊಸವರ್ಷದ ರಾತ್ರಿ ಕಡುಬು ನೀರಿನಲ್ಲಿ ಬಿರಿದರೆ ‘ಒಡೆಯಿತು’ ಎನ್ನಬಾರದು. ‘ಗಳಿಸಿತು’ ಎನ್ನಬೇಕು, ಅವರ ಮಾತಿನಲ್ಲಿ ಬಿರಿಯುವುದಕ್ಕೂ ದುಡಿದು ಗಳಿಸುವುದಕ್ಕೂ ಒಂದೇ ಉಚ್ಚಾರ. ನಾವು ‘ದೀಪ ಆರಿಸು’ ಎನ್ನದೆ ‘ದೀಪ ಶಾಂತ ಮಾಡು’ ಎನ್ನುತ್ತೇವಲ್ಲ, ಮನೆ ಬಿಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುತ್ತೇವಲ್ಲ, ಹಾಗೆ.

ಹೊರಡುವವರಿಗೆ ಅಲ್ಲಿ ಬೇರೆ ಪದ್ಧತಿಯೂ ಇದೆ. ಬಂದವರಿಗೆ ನೂಡಲ್ಸ್, ಹೊರಟವರಿಗೆ ಜ್ಯಾವ್‌ಜ. ಉದ್ದನೆಯ ನೂಡಲ್ಸ್ ಬಂದವರ ಕಾಲಿಗೆ ಹಗ್ಗದಂತೆ ತೊಡರಿ ನಿಲ್ಲಿಸಿಕೊಳ್ಳಲಿ ಎಂಬ ಆಸೆ. ಹೊರಟವರಿಗೆ ಬೆಳ್ಳಿಯ ಗಟ್ಟಿಯಂಥ ಕಡುಬು, ದಾರಿ ಶುಭವಾಗಲಿ ಎಂದು. ಹಬ್ಬ ಮುಗಿದು ನಾಯ್‌ನಾಯ್‌ಯ ಮಗ, ಸೊಸೆ, ಮೊಮ್ಮಗ ರೈಲು ಹತ್ತಿದ ದಿನ ಅವರ ಮನೆಯಲ್ಲಿ ಜ್ಯಾವ್‌ಜ ಬೆಂದಿತ್ತು. ಎರಡು ವಾರದ ನಂತರ ನಮ್ಮ ಸರದಿ. ಹಿಂದಿನ ರಾತ್ರಿ ನನ್ನಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾವು ಮಾಂಸ ತಿನ್ನುವುದಿಲ್ಲವೆಂದು ಕೋಸು, ತೋಫು ತುಂಬಿ ಮಡಿಸಿದರು. ಬೆಳಿಗ್ಗೆ ಆರಕ್ಕೇ ಬಿಸಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಣಿಸಿದೆ, ಮೂವತ್ತೆರಡು ಇದ್ದವು. ಟ್ಯಾಕ್ಸಿ ಕೆಳಗೆ ಹಾರನ್ ಹೊಡೆಯುತ್ತಿತ್ತು. ಕೊನೆಯದು ಖಾಲಿಯಾಗುವವರೆಗೂ ಅವರು ಬಾಗಿಲು ಬಿಟ್ಟು ಕದಲಲಿಲ್ಲ.